ಬೀಟ್‌ರೂಟ್ ಬಣ್ಣ ಕೊನೆಗೂ ನಿಂತಿತು

ಕೊಬ್ಬರಿ ಮಿಠಾಯಿಗೆ ಅಂಗಡಿಯ ಬಣ್ಣ ಹಾಕೋದು ನನಗೆ ಇಷ್ಟವಿಲ್ಲ. ಆದರೆ ಬೀಟ್‌ರೂಟ್ ರಸ ಹಾಕಿದರೆ ಮೊದಲು ಚಂದದ ಗುಲಾಬಿ, ಪಾಕ ಗಟ್ಟಿಯಾಗುವಷ್ಟರಲ್ಲಿ ಮಂಕು ಕಂದು.

ಬೀಟ್‌ರೂಟಿನ ಕೆಂಪಿಗೆ ಕಾರಣ ಬೆಟಾನಿನ್. ಅದಕ್ಕೆ ಬಿಸಿ ಆಗಿಬರಲ್ಲ. ಬೆಳಕು, ಗಾಳಿಗೂ ಮಾಸುತ್ತದೆ. ಹಾಗಾಗಿ ಬಣ್ಣವನ್ನು ಒಲೆಯ ಮೇಲೆ ಕುದಿಸೋದನ್ನೇ ಬಿಟ್ಟೆ. ಕೊನೆಯಲ್ಲಿ ರಸ ಸುರಿದರೆ ಮಿಠಾಯಿ ಸಡಿಲವಾಗುತ್ತದೆ, ಅಲ್ವಾ? ಅದಕ್ಕೆ ಪುಡಿಯೇ ಸರಿ.

ಬೀಟ್‌ರೂಟನ್ನು ತೆಳ್ಳಗೆ ಹೆಚ್ಚಿ, ನೆರಳಲ್ಲಿ ಫ್ಯಾನ್ ಕೆಳಗೆ ಹರಡಿ. ಮುರಿದರೆ ಚಟ್ ಅನ್ನಬೇಕು, ಬಾಗಿದರೆ ಇನ್ನೂ ತೇವ ಇದೆ ಅಂತ. ಆಮೇಲೆ ಮಿಕ್ಸಿಗೆ ಹಾಕಿ, ಜರಡಿ ಹಿಡಿಯಿರಿ. ಮಿಠಾಯಿ ತಳ ಬಿಟ್ಟ ಮೇಲೆ ಉರಿ ಆರಿಸಿ, ಹಬೆ ಅಡಗಿದಾಗ ಪುಡಿ ಮತ್ತು ನಾಲ್ಕೈದು ಹನಿ ನಿಂಬೆರಸ ಬೆರೆಸಿ. ಸ್ವಲ್ಪ ಹುಳಿ ಇದ್ದರೆ ಈ ಕೆಂಪು ಉಳಿಯುತ್ತದೆ. ಅಡುಗೆ ಸೋಡಾ ಮಾತ್ರ ಬೇಡ, ಜಾಸ್ತಿಯಾದರೆ ಬಣ್ಣ ಕೆಡುತ್ತದೆ.

ಈಗ ಮಿಠಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಖಾಲಿಯಾಗುವವರೆಗೂ ಗುಲಾಬಿಯೇ.

ಪಾಲಕ್ ಹಸಿರಿಗೆ ಮಾತ್ರ ನಿಂಬೆ ಹಾಕಬೇಡಿ. ಹುಳಿ ತಾಗಿದರೆ ಅದು ಒಣಗಿದ ಎಲೆಯ ಬಣ್ಣಕ್ಕೆ ಬರುತ್ತದೆ.