ಇನೋವಾದ ಕ್ರೋಮ್‌ಗೆ ಕಪ್ಪು ವಿನೈಲ್: ಮನೆಯಲ್ಲೇ ಮಾಡಿದ ಅನುಭವ

ನಮ್ಮದು ಬಿಳಿ ಇನೋವಾ ಕ್ರಿಸ್ಟಾ. ಬಿಡದಿಯಲ್ಲಿ ತಯಾರಾದ ಗಾಡಿ, ಓಟದ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. ಆದರೆ ಮೈಮೇಲೆ ಕ್ರೋಮ್ ಜಾಸ್ತಿ. ಗ್ರಿಲ್‌ನಲ್ಲಿ ಕ್ರೋಮ್, ಕಿಟಕಿ ಗಾಜಿನ ಕೆಳಗೆ ಉದ್ದಕ್ಕೂ ಕ್ರೋಮ್ ಪಟ್ಟಿ, ಬಾಗಿಲ ಹ್ಯಾಂಡಲ್ ಕ್ರೋಮ್, ಹಿಂದೆ ನಂಬರ್ ಪ್ಲೇಟ್ ಮೇಲೂ ಅದೇ. ಹೊಸದರಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಬೆಂಗಳೂರಲ್ಲಿ ಬೋರ್‌ವೆಲ್ ನೀರಲ್ಲಿ ಗಾಡಿ ತೊಳೆಯುವವರಿಗೆ ಮುಂದಿನ ಕಥೆ ಗೊತ್ತು. ಒರೆಸುವುದರೊಳಗೆ ಹನಿ ಒಣಗುತ್ತದೆ, ಒಣಗಿದ ಕಡೆ ಬಿಳಿ ಚುಕ್ಕೆ ಕೂರುತ್ತದೆ, ಮತ್ತೆ ಮತ್ತೆ ಕೂತು ಕ್ರೋಮ್ ಮಂಕಾಗುತ್ತದೆ. ಜೊತೆಗೆ ಬಿಳಿ ಬಣ್ಣಕ್ಕೆ ಕಪ್ಪು ಪಟ್ಟಿ ಒಪ್ಪುವಷ್ಟು ಬೆಳ್ಳಿ ಪಟ್ಟಿ ಒಪ್ಪುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಪೇಂಟ್ ಹೊಡೆಸಬಹುದಿತ್ತು. ಆದರೆ ಕ್ರೋಮ್ ಮೇಲೆ ಪೇಂಟ್ ಸುಮ್ನೆ ನಿಲ್ಲುವುದಿಲ್ಲ. ಉಜ್ಜಿ ಒರಟು ಮಾಡಬೇಕು, ಪ್ರೈಮರ್ ಹೊಡೆಯಬೇಕು, ಆಮೇಲೆ ಕ್ರೋಮ್ ಬೇಕು ಅಂದರೆ ಹೊಸ ಪಾರ್ಟೇ ಗತಿ. ವಿನೈಲ್, ಅಂದರೆ ಹಿಂದೆ ಅಂಟು ಇರುವ ತೆಳು ಪ್ಲಾಸ್ಟಿಕ್ ಫಿಲ್ಮ್ ಆದರೆ ಬೇಡವೆನಿಸಿದ ದಿನ ಬಿಸಿ ಮಾಡಿ ಎಳೆದರೆ ಮುಗಿಯಿತು, ಅಡಿಯಲ್ಲಿ ಕಂಪನಿ ಕ್ರೋಮ್ ಹಾಗೇ ಇರುತ್ತದೆ. ಮುಂದೊಂದು ದಿನ ಗಾಡಿ ಮಾರುವಾಗ ಇದು ಸಣ್ಣ ವಿಷಯ ಅಲ್ಲ.

ಮೊದಲು ಫಿಲ್ಮ್ ವಿಷಯ. ಊರೂರಿನ ರೇಡಿಯಂ ಅಂಗಡಿಯಲ್ಲಿ ಸಿಗುವ ಕಪ್ಪು ಸ್ಟಿಕರ್ ತಂದು ಅಂಟಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಸಾಮಾನ್ಯವಾಗಿ ಕ್ಯಾಲೆಂಡರ್ಡ್ ವಿನೈಲ್. ಅಂದರೆ ರೋಲರ್‌ಗಳ ಮಧ್ಯೆ ಒತ್ತಿ ಎಳೆದು ಹಾಳೆ ಮಾಡಿದ್ದು, ಹಾಗಾಗಿ ಬಿಸಿಲು ಬಿದ್ದ ಹಾಗೆಲ್ಲ ಹಿಂದಕ್ಕೆ ಮುದುಡಲು ನೋಡುತ್ತದೆ. ಹಾಕಿದ ದಿನ ಸರಿಯಾಗಿರುತ್ತದೆ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಂಚಲ್ಲಿ ತೆಳ್ಳಗೆ ಬೆಳ್ಳಿ ಗೆರೆ ಹೊರಗೆ ಬರುತ್ತದೆ. ಬೇಕಾಗಿದ್ದು ಕಾಸ್ಟ್ ವಿನೈಲ್. ಇದನ್ನು ದ್ರವವಾಗಿ ಹರಡಿ ಒಣಗಿಸಿ ಮಾಡುತ್ತಾರೆ, ಎಳೆತ ಒಳಗೆ ಉಳಿದಿರುವುದಿಲ್ಲ, ಅದಕ್ಕೇ ತಿರುವು ಮುರುವುಗಳಲ್ಲಿ ಹೇಳಿದ ಮಾತು ಕೇಳುತ್ತದೆ. 3ಎಂನ 2080, ಏವರಿ ಡೆನಿಸನ್‌ನ ಸುಪ್ರೀಂ ರ‍್ಯಾಪಿಂಗ್ ಫಿಲ್ಮ್, ಇವೆರಡೂ ಈ ಜಾತಿಯವು. ನಾನು ಹಾಕಿದ್ದು 2080ರ ಸ್ಯಾಟಿನ್ ಬ್ಲ್ಯಾಕ್, ಅಂದರೆ ಪೂರ್ತಿ ಹೊಳಪೂ ಅಲ್ಲದ, ಪೂರ್ತಿ ಮಂಕೂ ಅಲ್ಲದ ಕಪ್ಪು. ಎಸ್12 ಅಂತ ಅದರ ನಂಬರ್. ಅಂಟೂ ಸೇರಿ ದಪ್ಪ ಸುಮಾರು 90 ಮೈಕ್ರಾನ್. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಎಲ್ಲ ಥರದ್ದೂ ಸಿಗುತ್ತದೆ. ಅಂಚಲ್ಲಿ ಅಥವಾ ಹಿಂಬದಿ ಕಾಗದದ ಮೇಲೆ ಕಂಪನಿ ಹೆಸರು, ಸೀರೀಸ್ ನೋಡಿಯೇ ತಗೊಳ್ಳಿ.

ಸ್ಯಾಟಿನ್ ಯಾಕೆ ಅಂದರೆ, ಗಾಜಿನ ಪಕ್ಕದ ರಬ್ಬರ್ ಬೀಡಿಂಗ್ ಇರುವುದೇ ಆ ಹೊಳಪಲ್ಲಿ. ಪಟ್ಟಿ, ರಬ್ಬರ್ ಎರಡೂ ಒಂದಾಗಿ ಕಾಣುತ್ತವೆ, ಫಿಲ್ಮ್ ಹಾಕಿದ್ದು ಅಂತಲೇ ಗೊತ್ತಾಗುವುದಿಲ್ಲ. ಗ್ಲಾಸಿ ಬ್ಲ್ಯಾಕ್ ಷೋರೂಂ ಲುಕ್ ಕೊಡುತ್ತದೆ, ಆದರೆ ಅಡಿಯಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಎದ್ದು ಕಾಣುತ್ತದೆ. ಮೊದಲ ಸಲ ಮಾಡುವವರಿಗೆ ಸ್ಯಾಟಿನ್ನೇ ಒಳ್ಳೆಯದು. ಮ್ಯಾಟ್ ಬೇಡ, ಕೈ ಮುಟ್ಟಿದ ಕಡೆ ಎಣ್ಣೆ ಕಲೆ ಉಳಿಯುತ್ತದೆ.

ಎಷ್ಟು ಬೇಕು? ರೋಲ್‌ನ ಅಗಲ 1.52 ಮೀಟರ್. ಕ್ರಿಸ್ಟಾದ ಕಿಟಕಿ ಪಟ್ಟಿ ಬಾಗಿಲಿಗೊಂದು ತುಂಡಾಗಿ ಇದೆ, ಯಾವುದೂ ರೋಲ್‌ನ ಅಗಲಕ್ಕಿಂತ ಉದ್ದ ಇಲ್ಲ. 6 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಅಡ್ಡಕ್ಕೆ ಕತ್ತರಿಸಿದರೆ ಒಂದು ಮೀಟರ್ ಫಿಲ್ಮ್‌ನಲ್ಲಿ 16 ಪಟ್ಟಿ ಬರುತ್ತವೆ, ಕಿಟಕಿಗಳಿಗೆ ಧಾರಾಳ. ಗ್ರಿಲ್‌ಗೆ, ಹಿಂದಿನ ಪಟ್ಟಿಗೆ ಬೇರೆ ತಗೊಳ್ಳಬೇಕು. ಕತ್ತರಿಸುವಾಗ ಎಲ್ಲ ಪಟ್ಟಿಗಳ ಹಿಂದೆ ಪೆನ್ನಲ್ಲಿ ಒಂದೇ ದಿಕ್ಕಿಗೆ ಬಾಣ ಹಾಕಿಕೊಳ್ಳಿ. ಒಂದು ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ ಬಂದರೆ ಬಿಸಿಲಲ್ಲಿ ಛಾಯೆ ಬೇರೆ ಬೇರೆ ಕಾಣಬಹುದು.

ಈಗ ಕ್ಲೀನಿಂಗ್. ಇದೇ ಅರ್ಧ ಕೆಲಸ, ಅರ್ಧಕ್ಕಿಂತ ಜಾಸ್ತಿಯೇ ಅನ್ನಿ. ನಮ್ಮ ಕಡೆ ವಾಟರ್ ಸರ್ವಿಸ್‌ಗೆ ಬಿಟ್ಟರೆ ಕೊನೆಗೆ ಪ್ರೀತಿಯಿಂದ ರಬ್ಬರ್, ಪ್ಲಾಸ್ಟಿಕ್, ಟೈರ್ ಎಲ್ಲಕ್ಕೂ ಪಾಲಿಶ್ ಬಳಿದು ಫಳಫಳ ಮಾಡಿ ಕೊಡುತ್ತಾರೆ. ಆ ಪಾಲಿಶ್‌ನಲ್ಲಿ ಬಹಳ ಸಲ ಸಿಲಿಕೋನ್ ಇರುತ್ತದೆ, ಅದು ಕಿಟಕಿ ರಬ್ಬರ್‌ನಿಂದ ಕ್ರೋಮ್ ಪಟ್ಟಿಯ ಅಂಚಿಗೆ ಇಳಿದು ಕೂತಿರುತ್ತದೆ, ಮತ್ತು ಸಿಲಿಕೋನ್ ಇದ್ದ ಕಡೆ ಯಾವ ಅಂಟೂ ಹಿಡಿಯುವುದಿಲ್ಲ. ಸಮಸ್ಯೆ ಏನೆಂದರೆ ಫಿಲ್ಮ್ ಗಟ್ಟಿಯಾಗಿ ಹಿಡಿಯಬೇಕಾದ ಜಾಗವೂ ಅದೇ ಅಂಚು. ಆದ್ದರಿಂದ ಮೊದಲು ಶಾಂಪೂ ಹಾಕಿ ತೊಳೆದೆ. ಬಿಳಿ ಚುಕ್ಕೆಗಳಿಗೆ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಬಟ್ಟೆಯಲ್ಲಿ ಒರೆಸಿ ತಕ್ಷಣ ನೀರು ಹಾಕಿದೆ. ಕೈಯಾಡಿಸಿದಾಗ ಇನ್ನೂ ತರಿತರಿ ಅನಿಸಿದ ಕಡೆ ಕ್ಲೇ ಬಾರ್, ಅಂದರೆ ಅಂಟಿಕೊಂಡ ಕೊಳೆ ಎತ್ತುವ ಜೇಡಿಯಂಥ ಮುದ್ದೆ, ಉಜ್ಜಿದೆ. ಕೊನೆಗೆ ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್.

ಆಲ್ಕೋಹಾಲ್ ಮೇಲ್ಮೈಗೆ ಒರೆಸಿದರೆ ಸಾಲದು. ಗಾಜನ್ನು ಪೂರ್ತಿ ಇಳಿಸಿ, ರಬ್ಬರ್ ಬೀಡಿಂಗನ್ನು ಪ್ಲಾಸ್ಟಿಕ್ ಟೂಲ್ ಹಾಕಿ ಸ್ವಲ್ಪ ಎತ್ತಿ, ಅದರ ಅಡಿಗೆ ತೆಳು ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಎಳೆದು ನೋಡಿ. ಬಟ್ಟೆ ಕಪ್ಪಗೆ ಬರುತ್ತದೆ. ಮತ್ತೆ ಹೊಸ ಬಟ್ಟೆ, ಮತ್ತೆ ಆಲ್ಕೋಹಾಲ್. ಬಟ್ಟೆ ಬೆಳ್ಳಗೆ ಬರುವ ತನಕ ಬಿಡಬೇಡಿ. ನನ್ನ ಬಾಮೈದ ಜೊತೆಗಿದ್ದ. "ಭಾವ, ಒಳಗಡೆ ಯಾರು ನೋಡ್ತಾರೆ, ಅಂಟಿಸಿಬಿಡೋಣ" ಅಂತ ಅವನ ಅವಸರ. ನೋಡುವ ಪ್ರಶ್ನೆ ಅಲ್ಲ, ಫಿಲ್ಮ್‌ನ ತುದಿ ಕೂರುವುದೇ ಅಲ್ಲಿ ಅಂತ ತೋರಿಸಿದ ಮೇಲೆ ಅವನೇ ಹಿಂದಿನ ಬಾಗಿಲುಗಳನ್ನು ನನಗಿಂತ ಚೆನ್ನಾಗಿ ಒರೆಸಿದ. ಇದಾದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಗ್ಲೌಸ್ ಹಾಕಿಕೊಳ್ಳಿ.

ಜಾಗ ನೆರಳಲ್ಲಿರಲಿ, ಗಾಳಿ ಕಮ್ಮಿ ಇರಲಿ. ನಾವು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿಕೊಂಡು ಮಾಡಿದೆವು. ತಣ್ಣಗಿರುವ ಬೆಳಗಿನ ಹೊತ್ತು ಫಿಲ್ಮ್ ಬಿರುಸಾಗಿರುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಗೆ ಹಾಕಲು ಹೋದರೆ ಮುಟ್ಟಿಸಿದ ಕೂಡಲೇ ಹಿಡಿದುಕೊಂಡುಬಿಡುತ್ತದೆ, ಎತ್ತಲು ಹೋದರೆ ಉದ್ದಕ್ಕೆ ಎಳೆಯುತ್ತದೆ. 20ರಿಂದ 30 ಡಿಗ್ರಿ ಹಿತ. ಬೆಂಗಳೂರಲ್ಲಿ ಅದಕ್ಕೇನೂ ಬರ ಇಲ್ಲ. ಕಲಬುರಗಿ, ರಾಯಚೂರು ಕಡೆಯವರು ಬೇಸಿಗೆ ಬಿಟ್ಟು ಮಾಡಿ.

ಅಂಟಿಸುವುದು ಕೇಳಿದಷ್ಟು ಕಷ್ಟ ಅಲ್ಲ. ಹಿಂಬದಿ ಕಾಗದ ಪೂರ್ತಿ ಬಿಚ್ಚಿ, ಒಬ್ಬರು ಒಂದು ತುದಿ ಇನ್ನೊಬ್ಬರು ಇನ್ನೊಂದು ತುದಿ ಹಿಡಿದು, ಸಡಿಲವೂ ಅಲ್ಲ ಬಿಗಿಯೂ ಅಲ್ಲ ಅನ್ನುವ ಹದದಲ್ಲಿ ಪಟ್ಟಿಯ ಮೇಲೆ ಇಳಿಸಬೇಕು. ಮೇಲೆ ಕೆಳಗೆ ಎರಡೂ ಕಡೆ ಒಂದೊಂದು ಸೆಂಟಿಮೀಟರ್‌ಗೂ ಜಾಸ್ತಿ ಮಿಕ್ಕಿರಲಿ. ಆಮೇಲೆ ಅಂಚಿಗೆ ಫೆಲ್ಟ್ ಬಟ್ಟೆ ಅಂಟಿಸಿದ ಸ್ಕ್ವೀಜಿಯಿಂದ, ಅಂದರೆ ಫಿಲ್ಮ್ ಒತ್ತುವ ಚಪ್ಪಟೆ ಪ್ಲಾಸ್ಟಿಕ್ ತುಂಡಿನಿಂದ, ನಡುವಿನಿಂದ ತುದಿಗಳ ಕಡೆ ಒತ್ತುತ್ತಾ ಹೋಗಿ. ಈ ಫಿಲ್ಮ್‌ಗಳ ಅಂಟಿನಲ್ಲಿ ಗಾಳಿ ಹೊರಗೆ ಹೋಗಲು ಸೂಕ್ಷ್ಮ ದಾರಿಗಳಿರುತ್ತವೆ, ಗುಳ್ಳೆ ಬಂದರೂ ಒತ್ತಿದರೆ ಹೋಗುತ್ತದೆ. ಸುಕ್ಕು ಬಿದ್ದರೆ ಎತ್ತಿ, ಸ್ವಲ್ಪ ಬಿಸಿ ತೋರಿಸಿ, ಅದು ತಾನಾಗಿ ಸಪಾಟಾದ ಮೇಲೆ ಮತ್ತೆ ಕೂರಿಸಿ. ಸುಕ್ಕಿನ ಮೇಲೆ ಒತ್ತಿದರೆ ಅದು ಮಡಿಕೆಯಾಗಿ ಉಳಿಯುತ್ತದೆ.

ಈಗ ಮುಖ್ಯ ವಿಷಯ, ಅಂಚು. ಮೇಲಿನ ಅಂಚು ರಬ್ಬರ್ ಅಡಿಗೆ ಹೋಗಬೇಕು. ಮಿಕ್ಕಿದ ಫಿಲ್ಮನ್ನು 4–5 ಮಿಲಿಮೀಟರ್ ಮಾತ್ರ ಉಳಿಸಿ ಕತ್ತರಿಸಿ, ತೆಳು ಸ್ಕ್ವೀಜಿಯ ಮೂಲೆಯಿಂದ ರಬ್ಬರ್ ಅಡಿಗೆ ಸ್ವಲ್ಪ ಸ್ವಲ್ಪವೇ ತೂರಿಸುತ್ತಾ ಬನ್ನಿ. ಸೀರೆಗೆ ಫಾಲ್ ಹೊಲಿಯುವವರು ಬೆರಳಲ್ಲಿ ಅಂಚು ಮಡಿಸುತ್ತಾ ಮುಂದೆ ಹೋಗುತ್ತಾರಲ್ಲ, ಥೇಟ್ ಹಾಗೆ. ಕೆಳಗಿನ ಅಂಚು ಬಾಗಿಲ ಪೇಂಟಿಗೆ ತಾಗಿಕೊಂಡಿರುತ್ತದೆ. ಅಲ್ಲಿ ಬ್ಲೇಡ್ ಹಾಕಿ ಎಳೆಯುವ ಆಸೆ ಬರುತ್ತದೆ. ಖಂಡಿತ ಬೇಡ, ಪೇಂಟ್ ಮೇಲೆ ಗೀರು ಬಿದ್ದರೆ ವಿನೈಲ್ ತೆಗೆದರೂ ಅದು ಹೋಗುವುದಿಲ್ಲ. ಅದಕ್ಕೆ ನೈಫ್‌ಲೆಸ್ ಟೇಪ್ ಅಂತ ಸಿಗುತ್ತದೆ. ಒಳಗೆ ಸಣ್ಣ ದಾರ ಇರುವ ಟೇಪ್. ಫಿಲ್ಮ್ ಹಾಕುವ ಮೊದಲೇ ಎಲ್ಲಿ ಕತ್ತರಿಸಬೇಕೋ ಆ ಗೆರೆಗೆ ಅದನ್ನು ಅಂಟಿಸಿ, ಮೇಲೆ ಫಿಲ್ಮ್ ಒತ್ತಿ, ಕೊನೆಗೆ ದಾರ ಎಳೆದರೆ ಫಿಲ್ಮ್ ಅಡಿಯಿಂದಲೇ ಕತ್ತರಿಸಿಕೊಂಡು ಬರುತ್ತದೆ. ಬೆಲೆ ಜಾಸ್ತಿ ಅನಿಸಬಹುದು, ಆದರೆ ಬಾಗಿಲು ಪೇಂಟ್ ಮಾಡಿಸುವ ಖರ್ಚಿನ ಮುಂದೆ ಏನೂ ಅಲ್ಲ. ಪೇಂಟಿಗೂ ಪಟ್ಟಿಗೂ ನಡುವೆ ಸಂದು ಇದ್ದ ಕಡೆ ಮಾತ್ರ ಫಿಲ್ಮನ್ನು ಸಂದಿಯೊಳಗೆ ಮಡಿಸಿದೆ.

ಬಾಗಿಲು ತೆರೆದಾಗ ಕಾಣುವ ಪಟ್ಟಿಯ ತುದಿಯಲ್ಲಿ ತಾಳ್ಮೆ ಬೇಕು. ಅಲ್ಲಿ ಫಿಲ್ಮ್ ಒಳಕ್ಕೆ ತಿರುಗಬೇಕು, ಆದರೆ ಮೂಲೆಯಲ್ಲಿ ಜಾಸ್ತಿ ಫಿಲ್ಮ್ ಗುಡ್ಡೆಯಾಗುತ್ತದೆ. ಮೂಲೆಯಿಂದ 2 ಮಿಲಿಮೀಟರ್ ಹೊರಗೆ ನಿಲ್ಲುವ ಹಾಗೆ ಒಂದು ಓರೆ ಕಟ್ ಕೊಟ್ಟು, ಮೊದಲು ಮೇಲಿನ ರೆಕ್ಕೆ ಮಡಿಸಿ, ಆಮೇಲೆ ಕೆಳಗಿನದು, ಕೊನೆಗೆ ತುದಿಯದು. ಮೂಲೆಯವರೆಗೂ ಕಟ್ ತಂದರೆ ಬೆಳ್ಳಿ ಚುಕ್ಕೆ ಇಣುಕುತ್ತದೆ. ಎಲ್ಲ ಮಡಿಸಿ ಆದ ಮೇಲೆ ಬಿಸಿ ಗಾಳಿ ಊದುವ ಹೀಟ್ ಗನ್‌ನಿಂದ ಅಂಚುಗಳಿಗೆ, ತಿರುವುಗಳಿಗೆ ಚೆನ್ನಾಗಿ ಬಿಸಿ ಕೊಡಬೇಕು. ಫಿಲ್ಮ್ 95ರಿಂದ 105 ಡಿಗ್ರಿಗೆ ಬಂದರೆ ಅದರ ಹಳೆಯ ಆಕಾರದ ನೆನಪು ಅಳಿಸಿ ಹೊಸ ಆಕಾರದಲ್ಲಿ ನಿಲ್ಲುತ್ತದೆ. ಅಂದಾಜು ಸಾಲದು, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. ಹೀಟ್ ಗನ್ ಒಂದೇ ಕಡೆ ನಿಲ್ಲಿಸಬಾರದು, ಕ್ರೋಮ್‌ನ ಅಡಿಯಲ್ಲಿರುವುದು ಬಹುಪಾಲು ಪ್ಲಾಸ್ಟಿಕ್, ರಬ್ಬರ್ ಬೇರೆ ಪಕ್ಕದಲ್ಲೇ ಇರುತ್ತದೆ. ಹೇರ್ ಡ್ರೈಯರ್ ಸುಕ್ಕು ಬಿಡಿಸಲು ಸಾಕು, ಈ ಕೊನೆಯ ಬಿಸಿಗೆ ಸಾಕಾಗುವುದು ಕಷ್ಟ.

ಗ್ರಿಲ್ ಗಾಡಿಯ ಮೇಲೇ ಇಟ್ಟುಕೊಂಡು ಮಾಡಬೇಡಿ. ಬಿಚ್ಚಿ ಟೇಬಲ್ ಮೇಲೆ ಇಟ್ಟುಕೊಂಡರೆ ಫಿಲ್ಮನ್ನು ಹಿಂಭಾಗಕ್ಕೆ ತಿರುಗಿಸಿ ಕತ್ತರಿಸಬಹುದು, ಮುಂದಿನಿಂದ ಅಂಚೇ ಕಾಣುವುದಿಲ್ಲ. ಕ್ಲಿಪ್ ಬಿಚ್ಚಲು ಪ್ಲಾಸ್ಟಿಕ್ ಟೂಲ್ ಬಳಸಿ, ಸ್ಕ್ರೂ ಡ್ರೈವರ್ ಹಾಕಿದರೆ ಕ್ಲಿಪ್ ಮುರಿಯುತ್ತದೆ. ಗ್ರಿಲ್‌ನಲ್ಲಿ ತಗ್ಗು ಇರುವ ಕಡೆ ಮೊದಲು ತಗ್ಗಿನ ತಳಕ್ಕೆ ಫಿಲ್ಮ್ ಕೂರಿಸಿ ಆಮೇಲೆ ದಿಬ್ಬದ ಮೇಲೆ ಬನ್ನಿ. ಎರಡು ದಿಬ್ಬದ ನಡುವೆ ಸೇತುವೆ ಥರ ಬಿಗಿದು ಆಮೇಲೆ ಒಳಗೆ ತಳ್ಳಿದರೆ ಅಲ್ಲಿ ಫಿಲ್ಮ್ ತೆಳ್ಳಗಾಗಿ, ಬಿಸಿಲಿಗೆ ನಿಧಾನಕ್ಕೆ ಎದ್ದು ಬರುತ್ತದೆ. ತೀರಾ ಆಳದ ಕಡೆ ಬೇರೆ ತುಂಡು ಹಾಕಿ ಕೆಲವು ಮಿಲಿಮೀಟರ್ ಮೇಲೆ ಮೇಲೆ ಬರುವ ಹಾಗೆ ಮಾಡಿದೆ. ಕಪ್ಪು ಬಣ್ಣದಲ್ಲಿ ಜೋಡಣೆ ಗೊತ್ತೇ ಆಗುವುದಿಲ್ಲ. ಪ್ರೈಮರ್ 94 ಅಂತ 3ಎಂದೇ ಒಂದಿದೆ, ಅಂಟು ಇನ್ನಷ್ಟು ಹಿಡಿಯುತ್ತದೆ. ಅದನ್ನು ಹಿಂಭಾಗದ ಮೂಲೆಗಳಿಗೆ ಮಾತ್ರ ಸ್ವಲ್ಪ ಸವರಿದೆ. ಎಲ್ಲ ಕಡೆ ಸುರಿದರೆ ಮುಂದೆ ತೆಗೆಯುವಾಗ ಅಂಟು ಕ್ರೋಮ್ ಮೇಲೇ ಉಳಿದು ಗೋಳು.

ಟೊಯೊಟಾ ಲೋಗೋ ಮುಟ್ಟಲಿಲ್ಲ, ಕಪ್ಪು ಗ್ರಿಲ್ ನಡುವೆ ಅದೊಂದು ಬೆಳ್ಳಗಿದ್ದರೇ ಲಕ್ಷಣ. ಹೊಸ ಗಾಡಿಗಳವರಿಗೆ ಇನ್ನೊಂದು ಕಾರಣವೂ ಇದೆ. ಅಡಾಸ್, ಅಂದರೆ ಚಾಲಕರಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುವ ಅನೇಕ ಕಾರುಗಳಲ್ಲಿ ಮುಂದಿನ ಲೋಗೋ ಹಿಂದೆಯೇ ರಾಡಾರ್ ಇರುತ್ತದೆ. ಅದರ ಮೇಲೆ ಯಾವ ಸ್ಟಿಕರೂ ಹಾಕಬಾರದು, ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ಅದನ್ನೇ ನಂಬಿಕೊಂಡಿರುತ್ತದೆ.

ಹಿಂದಿನ ಪಟ್ಟಿ ಅಗಲ, ಆದರೆ ಸಪಾಟು. ಬೇಗ ಆಯಿತು.

ಹ್ಯಾಂಡಲ್‌ಗೆ ನಾನು ಹಾಕಲಿಲ್ಲ, ಹಾಕಿ ಅಂತ ಹೇಳುವುದೂ ಇಲ್ಲ. ದಿನಕ್ಕೆ ಎಷ್ಟು ಸಲ ಉಂಗುರ, ಬಳೆ, ಉಗುರು, ಕೀ ತಾಗುತ್ತದೆ ಯೋಚನೆ ಮಾಡಿ. ಫಿಲ್ಮ್ ಎಷ್ಟೇ ಒಳ್ಳೆಯದಿದ್ದರೂ ಒಳಭಾಗದ ಅಂಚು ಸವೆದು ಏಳುತ್ತದೆ. ಅದರ ಬದಲು ಬಾಡಿ ಬಣ್ಣದ ಹ್ಯಾಂಡಲ್ ಕವಚ ತಂದು ಹಾಕಿಸಿದರೆ ಸಲೀಸು. ನಾನು ಸದ್ಯಕ್ಕೆ ಕ್ರೋಮ್ ಹಾಗೇ ಬಿಟ್ಟಿದ್ದೇನೆ, ಕಣ್ಣಿಗೆ ಹೊಂದಿಕೊಂಡಿದೆ.

ಹಾಕಿದ ಮೇಲೆ ಒಂದು ವಾರ ತೊಳೆಯಲಿಲ್ಲ, ಅಂಟು ಪೂರ್ತಿ ಹಿಡಿಯಲಿ ಅಂತ. ಆಮೇಲೆ ಶಾಂಪೂ, ಮೆತ್ತನೆ ಬಟ್ಟೆ, ಅಷ್ಟೇ. ವ್ಯಾಕ್ಸ್ ಹಾಕಬೇಡಿ, ಸ್ಯಾಟಿನ್ ಮೇಲೆ ಅಲ್ಲಲ್ಲಿ ಹೊಳಪು ಬರುತ್ತದೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಗನ್ ಹಿಡಿದವರಿಗೆ ಮೊದಲೇ ಹೇಳಿ, ಒಂದಡಿಗಿಂತ ಹತ್ತಿರ ತರಬಾರದು, ಅಂಚಿಗೆ ಓರೆಯಾಗಿ ಬಿಡಬಾರದು. ರಬ್ಬರ್‌ಗೆ ಪಾಲಿಶ್ ಬೇಡ ಅಂತಲೂ ಅದೇ ಉಸಿರಲ್ಲಿ ಹೇಳಿಬಿಡಿ. ಎಲ್ಲಾದರೂ ಅಂಚು ಎದ್ದಿದ್ದು ಕಂಡರೆ ಧೂಳು ಸೇರುವ ಮೊದಲೇ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ಬಿಸಿ ಕೊಟ್ಟು ಒತ್ತಿದರೆ ಕೂರುತ್ತದೆ. ಧೂಳು ಹಿಡಿದು ಅಂಟು ಕಂದಾಗಿದ್ದರೆ ಒತ್ತಿ ಪ್ರಯೋಜನ ಇಲ್ಲ, ಆ ಒಂದು ಪಟ್ಟಿ ಬಿಸಿ ಮಾಡಿ ಮೆಲ್ಲಗೆ, ಮೇಲ್ಮೈಗೆ ಆದಷ್ಟು ತಾಗಿಸಿ ಎಳೆದು ತೆಗೆದು ಹೊಸದು ಹಾಕಿ. ಅದಕ್ಕೇ ಮಿಕ್ಕ ಫಿಲ್ಮನ್ನು ಮಡಿಸದೆ, ಸುರುಳಿ ಸುತ್ತಿ, ಬಿಸಿಲು ಬೀಳದ ಕಡೆ ಎತ್ತಿಟ್ಟಿದ್ದೇನೆ.