ಗ್ಯಾಸ್ಟ್ರಿಕ್ ಮಾತ್ರೆ: ಯಾವಾಗ ನುಂಗಬೇಕು, ಯಾವಾಗ ನಿಲ್ಲಿಸಬೇಕು

ಎದೆ ಉರಿ, ಹುಳಿತೇಗು, ಹೊಟ್ಟೆ ಉರಿ ಎಂದು ಡಾಕ್ಟರ್ ಹತ್ತಿರ ಹೋದರೆ ಚೀಟಿಯಲ್ಲಿ ಬರೆಯುವ ಮಾತ್ರೆಯ ಹೆಸರು ಹೆಚ್ಚಾಗಿ 'ಪ್ರಜೋಲ್' ಎಂದು ಮುಗಿಯುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಎಲ್ಲವೂ ಒಂದೇ ಗುಂಪಿನವು. ಈ ಗುಂಪಿಗೆ ಪ್ರೋಟಾನ್ ಪಂಪ್ ಇನ್‌ಹಿಬಿಟರ್, ಚಿಕ್ಕದಾಗಿ ಪಿಪಿಐ ಎಂದು ಹೆಸರು. ಮೊದಲನೆಯದಾದ ಒಮೆಪ್ರಜೋಲ್ 1988ರಲ್ಲಿ ಮಾರಾಟಕ್ಕೆ ಬಂತು. ಹೊಟ್ಟೆ ಹುಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳುವವರು ಈಗ ತೀರಾ ಕಡಿಮೆ ಆಗಿರುವುದರಲ್ಲಿ ಈ ಮಾತ್ರೆಗಳ ಪಾಲು ದೊಡ್ಡದು.

ಇಷ್ಟು ಒಳ್ಳೆಯ ಔಷಧವನ್ನು ಬಹಳ ಜನ ತಪ್ಪು ಹೊತ್ತಿನಲ್ಲಿ ನುಂಗುತ್ತಾರೆ. ಇನ್ನೂ ಜಾಸ್ತಿ ಜನ ನಿಲ್ಲಿಸಬೇಕಾದಾಗ ನಿಲ್ಲಿಸುವುದೇ ಇಲ್ಲ. ಇವೆರಡನ್ನು ಸರಿ ಮಾಡಿಕೊಂಡರೆ ಅರ್ಧಕ್ಕರ್ಧ ತೊಂದರೆ ತಪ್ಪುತ್ತದೆ.

ಮೊದಲು ಇದು ಆ್ಯಸಿಡ್ ತೊಂದರೆಯೇ ನೋಡಿ

ಎದೆ ಹಿಡಿದಂತೆ ನೋವು, ಜೊತೆಗೆ ಬೆವರು, ಉಸಿರು ಕಟ್ಟುವುದು, ತೋಳಿಗೋ ದವಡೆಗೋ ನೋವು ಹರಡುವುದು ಇದ್ದರೆ ಗ್ಯಾಸ್ ಇರಬೇಕು ಎಂದು ಸುಮ್ನೆ ಕೂರಬೇಡಿ. ಅದು ಹೃದಯಾಘಾತ ಆಗಿರಬಹುದು. ನೇರ ಆಸ್ಪತ್ರೆಗೆ ಹೋಗಿ.

ಮಲ ಟಾರಿನಂತೆ ಕಪ್ಪಾಗಿ ಹೋದರೆ, ವಾಂತಿಯಲ್ಲಿ ರಕ್ತ ಬಂದರೆ ಆಗಲೂ ತಡ ಮಾಡಬಾರದು. ನುಂಗುವಾಗ ಅನ್ನನಾಳದಲ್ಲಿ ಸಿಕ್ಕಿಕೊಂಡಂತೆ ಆಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 60 ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆ, ಇವುಗಳಿಗೆ ಎಂಡೋಸ್ಕೋಪಿ ಬೇಕಾಗಬಹುದು. ಮಾತ್ರೆ ನುಂಗಿದರೆ ಉರಿ ಕಡಿಮೆಯಾಗುತ್ತದೆ ನಿಜ. ಆದರೆ ಒಳಗಿರುವ ಗಡ್ಡೆಯೋ ಹುಣ್ಣೋ ಗೊತ್ತಾಗುವುದು ತಡವಾಗಬಹುದು.

ಅರ್ಧ ಗಂಟೆ ಮುಂಚೆ ಯಾಕೆ

ಹೊಟ್ಟೆಯ ಒಳಗೋಡೆಯ ಕೆಲವು ಜೀವಕೋಶಗಳಲ್ಲಿ ಆ್ಯಸಿಡ್ ಹೊರಹಾಕುವ ಪುಟ್ಟ ಪಂಪ್‌ಗಳಿವೆ. ಹೊಟ್ಟೆ ಖಾಲಿ ಇದ್ದಾಗ ಹೆಚ್ಚಿನವು ಕೆಲಸ ಮಾಡುವುದಿಲ್ಲ. ಆಹಾರ ಬಿದ್ದಾಗ ಒಟ್ಟಿಗೆ ಚುರುಕಾಗುತ್ತವೆ. ರಾತ್ರಿಯಿಡೀ ಉಪವಾಸ ಇದ್ದ ಹೊಟ್ಟೆಯಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ ಹೀಗೆ ಕೆಲಸಕ್ಕೆ ತಯಾರಾಗಿರುವ ಪಂಪ್‌ಗಳು ಜಾಸ್ತಿ.

ಪಿಪಿಐ ಅಂಟಿಕೊಳ್ಳುವುದು ಕೆಲಸ ಮಾಡುತ್ತಿರುವ ಪಂಪ್‌ಗೆ ಮಾತ್ರ. ಅದೂ ಅಲ್ಲದೆ, ರಕ್ತದಲ್ಲಿ ಔಷಧದ ಪ್ರಮಾಣ ಒಂದೆರಡು ಗಂಟೆಯಲ್ಲೇ ಅರ್ಧಕ್ಕೆ ಇಳಿದುಬಿಡುತ್ತದೆ. ಅಂದರೆ ಔಷಧ ರಕ್ತಕ್ಕೆ ಸೇರುವ ಹೊತ್ತು, ಪಂಪ್ ಓಡುವ ಹೊತ್ತು ಎರಡೂ ಕೂಡಿಬರಬೇಕು. ತಿಂಡಿಗೆ 30ರಿಂದ 60 ನಿಮಿಷ ಮುಂಚೆ ನುಂಗಿ ಎನ್ನುವುದು ಇದಕ್ಕೇ. ಮಾತ್ರೆ ನುಂಗಿ ತಿಂಡಿಯನ್ನೇ ಬಿಟ್ಟರೂ ಪೂರ್ತಿ ಲಾಭ ಸಿಗುವುದಿಲ್ಲ. ರಾತ್ರಿ ಊಟ ಮುಗಿಸಿ ಮಲಗುವ ಮುಂಚೆ ನುಂಗಿದರೂ ಅಷ್ಟೇ.

ಒಮ್ಮೆ ಅಂಟಿಕೊಂಡ ಔಷಧ ಆ ಪಂಪನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಆ್ಯಸಿಡ್ ಮತ್ತೆ ಹೆಚ್ಚಬೇಕಾದರೆ ದೇಹ ಹೊಸ ಪಂಪ್ ಮಾಡಿಕೊಳ್ಳಬೇಕು. ಹಾಗಾಗಿ ದಿನಕ್ಕೆ ಒಂದು ಮಾತ್ರೆ ಸಾಮಾನ್ಯವಾಗಿ ಸಾಕು. ಆದರೆ ಮೊದಲ ದಿನವೇ ಎಲ್ಲ ಪಂಪ್ ಸಿಗುವುದಿಲ್ಲ. ಪೂರ್ತಿ ಪರಿಣಾಮಕ್ಕೆ 3ರಿಂದ 5 ದಿನ ಬೇಕು. ಎರಡನೇ ದಿನವೇ ಕೆಲಸ ಮಾಡ್ತಿಲ್ಲ ಎಂದು ಬೇರೆ ಕಂಪನಿಯ ಮಾತ್ರೆಗೆ ಹೋಗಬೇಡಿ. ಈಗ ಹತ್ತಿರುವ ಉರಿ ಈಗಲೇ ಇಳಿಯಬೇಕಾದರೆ ಆಂಟಾಸಿಡ್ ಸಿರಪ್ ಅಥವಾ ಚೀಪುವ ಮಾತ್ರೆ ಬೇಕು. ಅದರ ಪರಿಣಾಮ ಸ್ವಲ್ಪ ಹೊತ್ತು ಮಾತ್ರ, ಆದರೆ ಬೇಗ.

ಬೆಳಗ್ಗೆ ಮರೆತಿರಾ? ಮುಂದಿನ ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ. ಎರಡು ಒಟ್ಟಿಗೆ ಬೇಡ. ರಾತ್ರಿಯ ಉರಿಯೇ ಜಾಸ್ತಿ ಇದ್ದವರಿಗೆ ಡಾಕ್ಟರ್ ರಾತ್ರಿ ಊಟಕ್ಕೆ ಮುಂಚೆ ಬರೆಯುವುದೂ ಉಂಟು.

ಜಗಿಯಬೇಡಿ, ಪುಡಿ ಮಾಡಬೇಡಿ

ಒಮೆಪ್ರಜೋಲ್ ಕ್ಯಾಪ್ಸೂಲ್ ಬಿಡಿಸಿದರೆ ಒಳಗೆ ಸಾಸಿವೆಗಿಂತ ಸಣ್ಣ ಗುಂಡುಗಳು ಕಾಣುತ್ತವೆ. ಒಂದೊಂದು ಗುಂಡಿಗೂ ಬೇರೆ ಬೇರೆಯಾಗಿ ಲೇಪ ಇದೆ. ಈ ಔಷಧ ಆ್ಯಸಿಡ್‌ನಲ್ಲೇ ಕೆಟ್ಟುಹೋಗುವಂಥದ್ದು. ಲೇಪ ಅದನ್ನು ಹೊಟ್ಟೆ ದಾಟಿಸಿ ಸಣ್ಣ ಕರುಳಿನವರೆಗೆ ಕಾಪಾಡುತ್ತದೆ. ಅಲ್ಲಿಂದ ರಕ್ತಕ್ಕೆ ಸೇರಿ, ತಿರುಗಿ ಹೊಟ್ಟೆಯ ಗೋಡೆಗೆ ಬರುತ್ತದೆ. ಜಗಿದರೆ ಈ ದಾರಿ ಮೊದಲಲ್ಲೇ ಕೆಡುತ್ತದೆ. ನುಂಗಲು ಕಷ್ಟ ಎನ್ನುವವರು ಫಾರ್ಮಸಿಸ್ಟ್ ಹತ್ತಿರ ಕೇಳಿ. ನೀರಿನಲ್ಲಿ ಕರಗುವ, ಗುಂಡು ಬಿಡಿಸಿ ನುಂಗಬಹುದಾದ ಬಗೆಗಳೂ ಇವೆ.

ಎಷ್ಟು ದಿನ

ಕಾಯಿಲೆ ಯಾವುದು ಎನ್ನುವುದರ ಮೇಲೆ ನಿಂತಿದೆ. ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಿಗೆ ಸಾಮಾನ್ಯವಾಗಿ 4 ವಾರ, ಹೊಟ್ಟೆಯ ಹುಣ್ಣಿಗೆ 8 ವಾರ. ಅನ್ನನಾಳಕ್ಕೆ ಆ್ಯಸಿಡ್ ಉಕ್ಕಿ ಗಾಯವಾಗಿದ್ದರೆ ಸುಮಾರು 8 ವಾರ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದ ಹುಣ್ಣಾಗಿದ್ದರೆ ಆಂಟಿಬಯಾಟಿಕ್‌ಗಳ ಜೊತೆ ಸೇರಿಸಿ, ಸಾಮಾನ್ಯವಾಗಿ 14 ದಿನ. (ಹುಣ್ಣಿಗೆ ಟೆನ್ಷನ್ ಒಂದೇ ಕಾರಣ ಅಲ್ಲ, ಬ್ಯಾಕ್ಟೀರಿಯಾ ಎಂದು ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು.) ಈ ಬ್ಯಾಕ್ಟೀರಿಯಾಕ್ಕೆ ಉಸಿರಿನ ಪರೀಕ್ಷೆಯೋ ಮಲ ಪರೀಕ್ಷೆಯೋ ಇದ್ದರೆ ಡಾಕ್ಟರಿಗೆ ಹೇಳಿ ಎರಡು ವಾರ ಮುಂಚೆ ಪಿಪಿಐ ನಿಲ್ಲಿಸಬೇಕು. ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲ ಎಂದು ರಿಪೋರ್ಟ್ ಬರಬಹುದು.

ಬೇರೆ ಕಾಯಿಲೆ ಇಲ್ಲದ ಚಿಕ್ಕ ವಯಸ್ಸಿನವರು ಎರಡು ಮೂರು ದಿನ ನೋವಿನ ಮಾತ್ರೆ ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ಇದು ಬೇಕಿಲ್ಲ. ಆಂಟಿಬಯಾಟಿಕ್ ಇದೆಯೆಂದು ಮುಂಜಾಗ್ರತೆಗೆ ಸೇರಿಸುವುದೂ ಬೇಕಿಲ್ಲ. ಹೀಗೆ ಸುಮ್ನೆ ಶುರುವಾದ ಮಾತ್ರೆಯೇ ವರ್ಷಗಟ್ಟಲೆ ಉಳಿದುಬಿಡುವುದು. ಚೀಟಿ ಬರೆಸಿಕೊಳ್ಳುವಾಗಲೇ ಯಾಕೆ, ಎಲ್ಲಿಯವರೆಗೆ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ವರ್ಷಗಟ್ಟಲೆ ಬೇಕಾದವರು ಹೆದರಬೇಕಾಗಿಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 17,598 ಜನರನ್ನು ಸುಮಾರು 3 ವರ್ಷ ಗಮನಿಸಿದ್ದರು. ಪ್ಯಾಂಟೊಪ್ರಜೋಲ್ ತೆಗೆದುಕೊಂಡವರಲ್ಲಿ ಕರುಳಿನ ಸೋಂಕು ಸ್ವಲ್ಪ ಜಾಸ್ತಿ ಇತ್ತು. ಮೂಳೆ ಮುರಿತ, ಕಿಡ್ನಿ ಕಾಯಿಲೆ, ಮರೆವಿನ ಕಾಯಿಲೆ ಜಾಸ್ತಿ ಕಾಣಲಿಲ್ಲ. ಆದರೂ ಬಹಳ ಕಾಲ ತೆಗೆದುಕೊಳ್ಳುವವರಲ್ಲಿ ಮೆಗ್ನೀಷಿಯಂ, ಬಿ12 ಇಳಿಯಬಹುದು. ಸುಸ್ತು, ಸ್ನಾಯು ಸೆಳೆತ, ಕೈಕಾಲು ಜೋಮು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಬೇರೆ ಮಾತ್ರೆಗಳ ಪಟ್ಟಿ ತೋರಿಸಿ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್, ಇಸೊಮೆಪ್ರಜೋಲ್ ಬೇಡ. ಇವುಗಳಿಂದ ಕ್ಲೋಪಿಡೋಗ್ರೆಲ್‌ನ ಬಲ ಕುಗ್ಗುತ್ತದೆ. ಪ್ಯಾಂಟೊಪ್ರಜೋಲ್‌ನಲ್ಲಿ ಈ ತೊಂದರೆ ಕಡಿಮೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಮೈಗೆ ಹತ್ತುವುದೂ ಕಡಿಮೆಯಾಗಬಹುದು.

ನಿಲ್ಲಿಸುವುದು

ಎಲ್ಲರೂ ಸೋಲುವುದು ಇಲ್ಲೇ. ಮಾತ್ರೆ ಬಿಟ್ಟ ಕೆಲವೇ ದಿನದಲ್ಲಿ ಉರಿ ಮೊದಲಿಗಿಂತ ಜೋರಾಗಿ ಬರುತ್ತದೆ, ಕಾಯಿಲೆ ವಾಸಿಯಾಗಿಲ್ಲ ಎಂದು ಮತ್ತೆ ಶುರು ಮಾಡುತ್ತಾರೆ. ನಿಜಕ್ಕೂ ಆಗುವುದೇ ಬೇರೆ. ಆ್ಯಸಿಡ್ ಕಡಿಮೆ ಇದ್ದಷ್ಟು ಕಾಲ ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡಿಕೊಂಡಿರುತ್ತದೆ. ತಡೆ ಹೋದ ಕೂಡಲೇ ಆ್ಯಸಿಡ್ ಉಕ್ಕುತ್ತದೆ. 2009ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಆರೋಗ್ಯವಾಗಿದ್ದ 120 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 8 ವಾರ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ಅವರಲ್ಲಿ ಶೇ 44 ಮಂದಿಗೆ ಆ್ಯಸಿಡ್ ತೊಂದರೆ ಕಾಣಿಸಿತು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇ 15 ಮಾತ್ರ. ಮೊದಲು ಇವರಿಗೆ ಕಾಯಿಲೆಯೇ ಇರಲಿಲ್ಲ, ಅಲ್ವಾ?

ಡಾಕ್ಟರ್ ಒಪ್ಪಿದ ಮೇಲೆ ಪ್ರಮಾಣ ಅರ್ಧ ಮಾಡಿ (ಮಾತ್ರೆ ಮುರಿದಲ್ಲ, ಕಡಿಮೆ ಪ್ರಮಾಣದ ಮಾತ್ರೆ ಬರೆಸಿಕೊಂಡು) ಎರಡರಿಂದ ನಾಲ್ಕು ವಾರ ನೋಡಿ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ನಿಲ್ಲಿಸಿ. ನಡುವೆ ಉರಿ ಬಂದರೆ ಆಂಟಾಸಿಡ್ ಅಥವಾ ಆ್ಯಸಿಡ್ ತಗ್ಗಿಸುವ ಬೇರೆ ಗುಂಪಿನ ಮಾತ್ರೆ ಫ್ಯಾಮೊಟಿಡಿನ್ ಸಹಾಯಕ್ಕಿದೆ. ಊಟವಾಗಿ ಎರಡು ಮೂರು ಗಂಟೆ ಮಲಗಬೇಡಿ. ಹಾಸಿಗೆಯ ತಲೆಯ ಕಡೆ 15ರಿಂದ 20 ಸೆಂಟಿಮೀಟರ್ ಎತ್ತರಿಸಿ, ಎಡಮಗ್ಗುಲಿಗೆ ಮಲಗಿ.

ರಕ್ತಸ್ರಾವವಾದ ಹುಣ್ಣಿದ್ದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು, ಅನ್ನನಾಳಕ್ಕೆ ತೀವ್ರ ಗಾಯವಾಗಿದ್ದವರು, ಬ್ಯಾರೆಟ್ಸ್ ಎಂಬ ಅನ್ನನಾಳದ ಬದಲಾವಣೆ ಇರುವವರು ಮಾತ್ರ ತಾವೇ ನಿಲ್ಲಿಸಬಾರದು. ಉಳಿದವರಲ್ಲಿ ಮಾತ್ರೆ ನಿಲ್ಲಿಸಿ ಎರಡು ತಿಂಗಳಾದರೂ ಜೋರು ಉರಿ ಹಾಗೇ ಇದ್ದರೆ ಅದನ್ನು ಮಾತ್ರೆ ಬಿಟ್ಟದ್ದರ ಪರಿಣಾಮ ಎನ್ನಲಾಗದು. ಆಗ ಔಷಧ ಇನ್ನೂ ಬೇಕಿರಬಹುದು, ಇಲ್ಲವೇ ಕಾರಣ ಬೇರೆ ಇರಬಹುದು. ಡಾಕ್ಟರಿಗೆ ತೋರಿಸಿ.