ಎಣ್ಣೆ ಕಲೆಗೆ ಮೊದಲೇ ನೀರು ಸುರಿಯಬೇಡಿ

ಅಂಗಿಗೆ ಎಣ್ಣೆ ಬಿದ್ದ ತಕ್ಷಣ ಓಡಿಹೋಗಿ ನಲ್ಲಿ ಕೆಳಗೆ ಹಿಡಿಯುತ್ತೀರಲ್ಲ, ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಣು, ಧ್ರುವೀಯತೆ ಅಂತ ಪುಟಗಟ್ಟಲೆ ಬರೆದು ಮಾರ್ಕ್ಸ್ ತೆಗೆದವರೇ ಹೀಗೆ ಮಾಡುತ್ತಾರೆ. ಓದಿದ್ದು ಬಚ್ಚಲುಮನೆಯಲ್ಲೂ ನೆನಪಿರಬೇಡವಾ?

ನೀರಿನ ಅಣು ನೆಟ್ಟಗಿಲ್ಲ, 104.5 ಡಿಗ್ರಿಗೆ ಬಾಗಿದೆ. ಅದರ ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಕಡೆ ಸ್ವಲ್ಪ ಋಣ ವಿದ್ಯುದಂಶ, ಜಲಜನಕದ (ಹೈಡ್ರೋಜನ್) ಕಡೆ ಸ್ವಲ್ಪ ಧನ. ಧ್ರುವೀಯತೆ ಅಂದರೆ ಇದೇ. ಒಂದು ಅಣುವಿನ ಧನ ಪಕ್ಕದ್ದರ ಋಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಇದೇ ಹೈಡ್ರೋಜನ್ ಬಂಧ. ಎಣ್ಣೆಯದು ಉದ್ದನೆಯ ಕಾರ್ಬನ್ ಸರಪಳಿ, ಅದರಲ್ಲಿ ಈ ಎಳೆದಾಟ ತೀರಾ ಕಡಿಮೆ. ನೀರಿನ ಅಣುಗಳು ತಮ್ಮ ಹಿಡಿತ ಬಿಟ್ಟು ಅದಕ್ಕೆ ಜಾಗ ಕೊಡುವುದಿಲ್ಲ. ಬರೀ ನೀರಿನಲ್ಲಿ ಉಜ್ಜುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಈಗ ಸರಿಯಾಗಿ ಕೇಳಿ. ಬಟ್ಟೆ ಒಣಗಿಯೇ ಇರಬೇಕು. ಕಲೆಯ ಅಡಿಗೆ ಹಳೇ ಟವೆಲ್ ಮಡಚಿ ಇಡಿ. ಮೇಲಿನಿಂದ ಇನ್ನೊಂದು ಒಣ ಬಟ್ಟೆ ಒತ್ತಿ, ಹೀರುವಷ್ಟು ಹೀರಲಿ. ಉಜ್ಜಬೇಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಕಲೆ ಮುಚ್ಚುವಷ್ಟು ಮಾತ್ರ. ಬೆರಳ ತುದಿಯಲ್ಲಿ ಅಂಚಿನಿಂದ ನಡುವಿಗೆ ಮೆಲ್ಲಗೆ ತಿಕ್ಕಿ. ನಡುವಿನಿಂದ ಅಂಚಿಗೆ ತಿಕ್ಕಿದರೆ ಕಲೆ ಹರಡುತ್ತದೆ, ಎಷ್ಟು ಸಲ ಹೇಳಬೇಕು! ಬಟ್ಟೆ ತಿರುವಿ ಹಿಂಬದಿಗೂ ಹಾಗೇ ಮಾಡಿ. ಆಮೇಲೆ ಸುಮ್ನೆ ಬಿಡಿ.

ಈ ಬಿಡುವುದೇ ಮುಖ್ಯ. ಸೋಪಿನ ಅಣುವಿಗೆ ನೀರಿಗೆ ಒಗ್ಗುವ ತಲೆ, ಎಣ್ಣೆಗೆ ಒಗ್ಗುವ ಉದ್ದ ಬಾಲ. ಬಾಲ ಎಣ್ಣೆಯೊಳಗೆ ಸಲೀಸಾಗಿ ಇಳಿಯುತ್ತದೆ. ಅಲ್ಲಿರುವ ಸೆಳೆತವನ್ನು 1930ರಲ್ಲಿ ಫ್ರಿಟ್ಜ್ ಲಂಡನ್ ಎಂಬ ಭೌತವಿಜ್ಞಾನಿ ವಿವರಿಸಿದರು, ಅವರ ಹೆಸರೇ ಅದಕ್ಕೆ ಉಳಿಯಿತು. ಒಂದೊಂದು ಕಡೆ ತೀರಾ ಸಣ್ಣದು, ಬಾಲದುದ್ದಕ್ಕೂ ಸೇರಿದರೆ ಜಾಸ್ತಿ. ನಮ್ಮಮ್ಮ ಕೆಮಿಸ್ಟ್ರಿ ಓದಿದವರಲ್ಲ. ಆದರೂ ಒಣ ಕಲೆಗೆ ಬಾರ್ ಸೋಪು ತಿಕ್ಕಿ, ಪಕ್ಕಕ್ಕಿಟ್ಟು, ಮನೆಕೆಲಸ ಮುಗಿಸಿ ಬರುತ್ತಿದ್ದರು. ಅಷ್ಟರಲ್ಲಿ ನಾನು ಚೊಂಬು ಹಿಡಿದು ಹೋದರೆ ಕೈಗೊಂದು ಏಟು.

ಆಮೇಲೆ ಉಗುರುಬೆಚ್ಚಗಿನ ನೀರು, ಒಂದು ಬೊಗಸೆ. ತಿಕ್ಕುತ್ತಾ ಹೋದರೆ ನೊರೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬಾಲಗಳು ಒಳಗೆ, ತಲೆಗಳು ಹೊರಗೆ, ಮಧ್ಯೆ ಎಣ್ಣೆಯ ಹನಿ. ಈಗ ಧಾರಾಳವಾಗಿ ನೀರು ಬಿಟ್ಟು ಜಾಲಾಡಿ.

ಇಸ್ತ್ರಿ ವಿಷಯವನ್ನೂ ಹೇಳಿಬಿಡುತ್ತೇನೆ. ಒಣಗಿ ಸುಕ್ಕಾದ ಹತ್ತಿ ಬಟ್ಟೆಯ ಮೇಲೆ ಸುಮ್ನೆ ಪೆಟ್ಟಿಗೆ ಎಳೆಯುತ್ತೀರಿ. ಹತ್ತಿಯ ನಾರಿನೊಳಗಿನ ಅಣುಗಳನ್ನು ಹಿಡಿದಿರುವುದೂ ನೀರಿನಲ್ಲಿರುವಂಥ ಹೈಡ್ರೋಜನ್ ಬಂಧವೇ. ನೀರು ಚಿಮುಕಿಸಿ ಸುತ್ತಿಟ್ಟರೆ ಹಿಡಿತ ಸಡಿಲವಾಗುತ್ತದೆ. ಬಿಸಿಗೆ ನೀರು ಆರುವಾಗ ನೆಟ್ಟಗಿರುವಲ್ಲೇ ಮತ್ತೆ ಹಿಡಿದುಕೊಳ್ಳುತ್ತದೆ.

ಕಲೆ ತೆಗೆದ ಬಟ್ಟೆಗೆ ಮಾತ್ರ ಆತುರ ಬೇಡ. ಒದ್ದೆಯಲ್ಲಿ ಕಲೆ ಕಾಣುವುದಿಲ್ಲ. ನೆರಳಲ್ಲಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ಇನ್ನೂ ಮಬ್ಬು ಉಳಿದಿದ್ದರೆ ಮತ್ತೆ ಒಣ ಬಟ್ಟೆಗೇ ಲಿಕ್ವಿಡ್ ಹಾಕಿ. ಅಲ್ಲಿಯ ತನಕ ಇಸ್ತ್ರಿ ಮುಟ್ಟಿಸಬೇಡಿ, ಬಿಸಿಗೆ ಎಣ್ಣೆ ನೂಲಿನಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ.